ಪ್ಲಾಸ್ಟಿಕ್ ಹೊದ್ದ ಕುರ್ಚಿಗಳು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆ ಕಟ್ಟಿದವನು ಯಾರೋ ಏನೋ, ಅವನು ಖಂಡಿತ ದಾನ ಕೊಡುವ ಕಡೆಯವನೇ ಇರಬೇಕು ಎಂದು ಸಿಸ್ಟರ್‌ಗೆ ಯಾವತ್ತೋ ಖಾತ್ರಿಯಾಗಿತ್ತು. ಆಕೆ ಎಣಿಸುತ್ತಿದ್ದಳು. ಹಲ್ಲಷ್ಟೇ ಅಲ್ಲ, ಗೊರಸು, ಬಾಲ ಎಲ್ಲ ನೋಡುತ್ತಿದ್ದಳು. ಗೋದಾಮಿನ ಮುಂದೆ ಯಾರಾದರೂ ಕಾರು ನಿಲ್ಲಿಸಿ, ಡಿಕ್ಕಿಯಿಂದ ಒಂದು ಮುರುಕಲು ಗಾಲಿಕುರ್ಚಿ ಇಳಿಸಿ, "ನಮ್ಮ ತಾಯಿದು, ಪಾಪ ಹೋಗ್ಬಿಟ್ರು, ಯಾರಾದ್ರೂ ಸೈನಿಕರಿಗೆ ಆಗ್ಲಿ" ಎಂದು ಕಣ್ಣೊರೆಸಿಕೊಂಡರೆ, ಮೊದಲು ಎರಡು ಸಮಾಧಾನದ ಮಾತು ಆಡಿ, ಆಮೇಲೆ ಬಗ್ಗಿ ಬ್ರೇಕು ಎಳೆದು ನೋಡುತ್ತಿದ್ದಳು.

"ಇದಕ್ಕೆ ಬ್ರೇಕೇ ಇಲ್ವಲ್ಲ?"

"ನಮ್ಮಮ್ಮ ಬ್ರೇಕ್ ಹಾಕ್ತಾನೇ ಇರ್ಲಿಲ್ಲ."

ಅದಕ್ಕೇ ಬೇಗ ಹೋದರೇನೋ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುತ್ತಿದ್ದಳು. ಪ್ರತಿ ಸಲವೂ ನುಂಗಿಕೊಂಡಳು ಎಂದು ಹೇಳಲು ಬಾರದು.

ಆಕೆ ಮೂಳೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಆಸ್ಪತ್ರೆ ಬಿಟ್ಟರೂ ಹೆಸರು ಬಿಡಲಿಲ್ಲ, ತರಕಾರಿಯವನಿಂದ ಹಿಡಿದು ಪಕ್ಕದ ಮನೆಯ ಅಜ್ಜಿಯವರೆಗೆ ಎಲ್ಲರಿಗೂ ಸಿಸ್ಟರೇ. ಮನೆಯಲ್ಲಿ ಕೂತ ಮೊದಲ ತಿಂಗಳಲ್ಲೇ ಗಂಡ ಹೇಗೆ ಮಲಗಬೇಕು, ಹೇಗೆ ಏಳಬೇಕು, ಚಪ್ಪಲಿಗೆ ಹೇಗೆ ಬಗ್ಗಬೇಕು ಎಂದು ಪಾಠ ಶುರುವಿಟ್ಟುಕೊಂಡಳು. ಗಂಡ ಬಸ್ ಕಂಡಕ್ಟರ್ ಆಗಿದ್ದು ರಿಟೈರಾದವನು, ಜನರನ್ನು ಮುಂದೆ ಮುಂದೆ ತಳ್ಳಿ ಅಭ್ಯಾಸವಿದ್ದವನು. "ತಾಯೀ, ನೀನು ಮನೇಲಿದ್ರೆ ನನ್ನ ಮೂಳೆಗೆ ಅಪಾಯ. ಎಲ್ಲಾದ್ರೂ ದೇಶಸೇವೆ ಮಾಡ್ಕೊಂಡು ಬಾ" ಎಂದು ಕೈಮುಗಿದು ಕಳಿಸಿದ. ಹಾಗೆ ಆಕೆ ಈ ಸಂಘಕ್ಕೆ ಬಂದು ಬಿದ್ದಳು.

ಸಂಘದ ಕೆಲಸ ಸರಳವಾಗಿತ್ತು. ಮನೆಮನೆಗಳಲ್ಲಿ ಯಾರೋ ತೀರಿಕೊಂಡ ಮೇಲೆ ಅಟ್ಟ ಸೇರಿದ ಗಾಲಿಕುರ್ಚಿ, ವಾಕರ್, ಊರುಗೋಲುಗಳನ್ನು ಕೇಳಿ ತರುವುದು, ರಿಪೇರಿ ಮಾಡುವುದು, ಯುದ್ಧದಲ್ಲೋ ಗಡಿಯಲ್ಲೋ ಕೈಕಾಲು ಕಳೆದುಕೊಂಡು ಮನೆಯ ಮೂಲೆ ಹಿಡಿದ ಸೈನಿಕರಿಗೆ ಕೊಡುವುದು. ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರ ಹಿಂಭಾಗವೇ ಗೋದಾಮು. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಗೋಡೆ ತಣ್ಣಗೆ ಬೆವರುತ್ತಿತ್ತು. ರಿಪೇರಿಗೆ ಸೈಕಲ್ ಅಂಗಡಿಯವನೊಬ್ಬ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬರುತ್ತಿದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ಅವನನ್ನು ಎಲ್ಲರೂ ಪಂಚರ್ ಎಂದೇ ಕರೆಯುವುದು, ಅವನಿಗೂ ಬೇಜಾರಿಲ್ಲ.

ಮೊದಲೆಲ್ಲ ಒಂದು ಕುರ್ಚಿ ಸಿದ್ಧವಾದರೆ ಸಾಕು, ಆಟೋದ ಹಿಂದೆ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಹೊಸ ಅಧ್ಯಕ್ಷರು ಬಂದರು ನೋಡಿ, ಎಲ್ಲ ಬದಲಾಯಿತು.

ಅಧ್ಯಕ್ಷರು ಟೈಲ್ಸ್ ಅಂಗಡಿಯ ಮಾಲೀಕರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಬಾಯಿತುಂಬ ಬೈದು ಹಗುರಾಗಬಹುದಿತ್ತು. ಅವರದು ಬೆಣ್ಣೆಯಂಥ ಮಾತು. "ಕೊಟ್ಟಿದ್ದು ಕಾಣ್ಬೇಕು ಸಿಸ್ಟರ್. ಕಂಡ್ರೆ ತಾನೇ ಇನ್ನೊಬ್ರು ಕೊಡೋದು?" ಎನ್ನುತ್ತಿದ್ದರು. ಅದರಲ್ಲಿ ಸತ್ಯ ಇಲ್ಲ ಎನ್ನಲೂ ಆಗದು. ಹಾಗಾಗಿ ಹೊಸ ಪದ್ಧತಿ ಬಂತು. ರಿಪೇರಿಯಾದ ಕುರ್ಚಿಗೆಲ್ಲ ಬೆಳ್ಳಿ ಬಣ್ಣ ಬಳಿದು, ಹೊಸ ಪ್ಲಾಸ್ಟಿಕ್ ಸುತ್ತಿ ಗೋದಾಮಿನಲ್ಲಿ ಸಾಲಾಗಿ ನಿಲ್ಲಿಸುವುದು, ಎಲ್ಲ ಸೇರಿದ ಮೇಲೆ ದೊಡ್ಡ ಸಮಾರಂಭ ಮಾಡಿ ವೇದಿಕೆಯಲ್ಲಿ ಮಂತ್ರಿಗಳ ಕೈಯಿಂದ ಕೊಡಿಸುವುದು. ಅಲ್ಲಿಯವರೆಗೆ ಒಂದು ಕುರ್ಚಿಯೂ ಗೇಟು ದಾಟಬಾರದು. ಗೇಟಿಗೆ ಒಬ್ಬ ವಾಚ್‌ಮ್ಯಾನ್ ಬೇರೆ ಬಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ವರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀಗ ಹಾಕಿಟ್ಟಿದ್ದ.

ಸಿಸ್ಟರ್ ಅದನ್ನೂ ನುಂಗಿಕೊಂಡಿದ್ದಳು. ಡ್ರೈವರ್ ಎಂದೇ ಎಲ್ಲರೂ ಕರೆಯುವ ಸೈನಿಕನೊಬ್ಬನ ಮನೆಗೆ ಅಳತೆ ತೆಗೆಯಲು ಹೋಗುವವರೆಗೆ.

ಅಳತೆ ಎಂದರೆ ಆಕೆಗೆ ಮನುಷ್ಯನ ಅಳತೆಯಷ್ಟೇ ಅಲ್ಲ, ಮನೆಯ ಬಾಗಿಲುಗಳದ್ದೂ. ಕುರ್ಚಿ ಬಂದು, ಅದು ಅಡುಗೆಮನೆಯ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡು, ಕೊನೆಗೆ ಬಟ್ಟೆ ಒಣಹಾಕುವ ಸ್ಟ್ಯಾಂಡಾದ ಮನೆಗಳನ್ನು ಆಕೆ ಬೇಕಾದಷ್ಟು ಕಂಡಿದ್ದಳು. ಡ್ರೈವರ್ ಮನೆ ಒಂದು ಸಾಲುಮನೆಯ ಕೊನೆಯದು. ಎರಡು ಕೋಣೆ, ಒಂದು ಸಣ್ಣ ಓಣಿ, ಓಣಿಯ ಕೊನೆಗೆ ಬಚ್ಚಲು. ಸೈನ್ಯದಲ್ಲಿ ದೊಡ್ಡ ಲಾರಿ ಓಡಿಸುತ್ತಿದ್ದವನು. ನೆಲಬಾಂಬಿನ ಮೇಲೆ ಲಾರಿ ಹತ್ತಿ ಎರಡೂ ಕಾಲು ತೊಡೆಯವರೆಗೆ ಹೋದವು. ಆಮೇಲಿನ ಅವನ ಪ್ರಯಾಣವೆಲ್ಲ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ, ಹೆಂಡತಿಯ ಬೆನ್ನಿನ ಮೇಲೆ.

ಬಚ್ಚಲಿನ ಬಾಗಿಲಿಗೆ ಟೇಪು ಹಿಡಿದ ಸಿಸ್ಟರ್ ಇನ್ನೊಂದು ಸಲ ಅಳೆದು ನೋಡಿದಳು. ಅಷ್ಟು ಕಿರಿದು.

"ಆಗುತ್ತಾ ಸಿಸ್ಟರ್?" ಡ್ರೈವರ್ ಮಂಚದಿಂದಲೇ ಕೇಳಿದ. ಗಂಟಲು ಮಾತ್ರ ಈಗಲೂ ಲಾರಿಯ ಹಾರ್ನೇ.

"ಒಂದಿದೆ. ಒಂದೇ ಒಂದು. ಯಾರೋ ಸಣಕಲು ಅಜ್ಜಿದು, ಅಗಲ ಕಮ್ಮಿ. ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ."

"ಹಾಗಾದ್ರೆ ಅಜ್ಜಿಗೆ ಪುಣ್ಯ ಬರ್ಲಿ. ನೋಡಿ, ನಾನು ಕಾಲು ಕೇಳ್ತಾ ಇಲ್ಲ. ನನ್ನನ್ನ ಯಾರೂ ಎತ್ತಬಾರದು, ಅಷ್ಟೇ ನನಗೆ ಬೇಕಾಗಿರೋದು. ಬಾಂಬು ಸಿಡಿದ ದಿನದಿಂದ ಎತ್ತಿದ್ದೇ ಎತ್ತಿದ್ದು. ಆಸ್ಪತ್ರೇಲಿ ಎತ್ತಿದ್ರು, ರೈಲಲ್ಲಿ ಎತ್ತಿದ್ರು, ನೆಂಟರ ಮನೇಲಿ ಫೋಟೋಗೆ ಅಡ್ಡ ಅಂತ ಎತ್ತಿ ಪಕ್ಕಕ್ಕಿಟ್ರು. ಒಬ್ರೂ ಕೇಳಲ್ಲ ಸಿಸ್ಟರ್. ಮೂಟೇನ ಯಾರು ಕೇಳ್ತಾರೆ ಹೇಳಿ, ಎತ್ಲಾಪ್ಪ ಅಂತ?"

ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೆಟ್ಟಗೆ ನಿಲ್ಲಲು ಆಗದೆ ಒಂದು ಕಡೆಗೆ ವಾಲಿದ್ದಳು. ಸಿಸ್ಟರ್‌ಗೆ ನಿಲುವು ನೋಡಿದರೇ ಗೊತ್ತಾಗುತ್ತಿತ್ತು, ಬೆನ್ನಿನ ಮೂಳೆ ಜರುಗಿದೆ. ಅಂಗಳಕ್ಕೆ ಬಂದ ಮೇಲೆ ಹೆಂಡತಿ ಬಾಯಿಬಿಟ್ಟಳು.

"ಅಕ್ಕಾ, ಹೋದ ವಾರ ಬಚ್ಚಲಲ್ಲಿ ಇಬ್ರೂ ಬಿದ್ವಿ. ನನಗೆ ಏಳಕ್ಕಾಗ್ಲಿಲ್ಲ, ಅವರನ್ನ ಎತ್ತಕ್ಕಾಗ್ಲಿಲ್ಲ. ಪಕ್ಕದ ಮನೆಯವರು ಬಂದು ನೋಡೋವರೆಗೂ ಒದ್ದೆ ನೆಲದ ಮೇಲೇ ಇದ್ವಿ. ಮೈಮೇಲೆ ಬಟ್ಟೆ ಇಲ್ದೆ ಇದ್ರು ಅವರು. ಇನ್ನೊಂದ್ಸಲ ಎತ್ತಿದ್ರೆ ನೀನೂ ಹಾಸಿಗೇನೇ ಅಂದಿದ್ದಾರೆ ಡಾಕ್ಟ್ರು. ನನ್ನ ತಮ್ಮ ಭಾನುವಾರ ವ್ಯಾನ್ ತಗೊಂಡು ಬರ್ತಾನೆ. ಆಶ್ರಮಕ್ಕೆ ಸೇರಿಸ್ತಾನಂತೆ ಅವರನ್ನ. ಅವನದೂ ತಪ್ಪಲ್ಲ ಅಕ್ಕ, ಇಬ್ಬಿಬ್ರನ್ನ ಯಾರು ನೋಡ್ಕೋತಾರೆ? ಅವರು ಒಂದ್ಸಲ ಈ ಹೊಸ್ತಿಲು ದಾಟಿದ್ರೆ ಮತ್ತೆ ಬರಲ್ಲ. ನನಗೆ ಗೊತ್ತು."

"ಯಾರೂ ಎಲ್ಲಿಗೂ ಹೋಗಲ್ಲ. ಭಾನುವಾರದೊಳಗೆ ಕುರ್ಚಿ ಬರುತ್ತೆ," ಎಂದಳು ಸಿಸ್ಟರ್. ಮಾತು ಕೊಟ್ಟು ಹೊರಟಳು.

ಮಾತು ಕೊಟ್ಟವಳಿಗೆ ಅಧ್ಯಕ್ಷರ ಅಂಗಡಿಯಲ್ಲಿ ಟೀ ಸಿಕ್ಕಿತು, ಕುರ್ಚಿ ಸಿಗಲಿಲ್ಲ.

"ಮಂತ್ರಿಗಳು ಡೇಟ್ ಮುಂದೆ ಹಾಕಿದ್ದಾರೆ ಸಿಸ್ಟರ್. ಮುಂದಿನ ತಿಂಗಳು ಖಂಡಿತ."

"ಇವರಿಗೆ ಭಾನುವಾರ ಕಳೆದ್ರೆ ಕುರ್ಚಿ ತಗೊಂಡು ಏನ್ ಉಪಯೋಗ? ಒಂದು ಕುರ್ಚಿ ಸರ್. ಸಾಲಲ್ಲಿ ಒಂದು ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ?"

"ಒಬ್ರಿಗೆ ಕೊಟ್ರೆ ಎಲ್ರೂ ಕೇಳ್ತಾರೆ. ಆಮೇಲೆ ಸಮಾರಂಭಕ್ಕೆ ಏನುಳಿಯುತ್ತೆ?" ಅಧ್ಯಕ್ಷರು ಕರುಣೆಯಿಂದ ತಲೆಯಾಡಿಸಿದರು. "ಇಷ್ಟು ವರ್ಷ ತಡ್ಕೊಂಡಿದ್ದಾರಲ್ಲ ಪಾಪ. ಇನ್ನೊಂದು ತಿಂಗಳು ತಡ್ಕೊಳ್ಳಲ್ವಾ? ಸೈನಿಕರಿಗೆ ಸಹನೆ ಜಾಸ್ತಿ."

ಸಿಸ್ಟರ್‌ಗೆ ಅಂಗಾಲಿನ ಉರಿ ನೆತ್ತಿಗೇರಿತು. ಆ ಅಂಗಡಿಯ ಗೋಡೆಯ ತುಂಬ ಬಚ್ಚಲುಮನೆಗಳಿದ್ದವು. ನೀಲಿ ಬಚ್ಚಲು, ಗುಲಾಬಿ ಬಚ್ಚಲು, ಕಾಲು ಜಾರದ ಟೈಲ್ಸಿನ ಬಚ್ಚಲು. ಅವುಗಳ ನಡುವೆ ಕೂತು ಈ ಮನುಷ್ಯ ಇನ್ನೊಬ್ಬನ ಬಚ್ಚಲಿಗೆ ಒಂದು ತಿಂಗಳು ಗಡುವು ಕೊಡುತ್ತಿದ್ದ. ನೀವು ಒಂದು ದಿನ ತಡ್ಕೊಳ್ಳಿ ನೋಡೋಣ ಎನ್ನಬೇಕೆನಿಸಿತು. ಎನ್ನಲಿಲ್ಲ. ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು ಎದ್ದಳು.

ಮನೆಯಲ್ಲಿ ಆ ಸಂಜೆ ಪಾತ್ರೆಗಳಿಗೆ ಗ್ರಹಚಾರ. ಗಂಡ ಪತ್ರಿಕೆಯ ಮೇಲಿಂದ ಇಣುಕಿದ.

"ಪಾತ್ರೆ ಏನ್ಮಾಡ್ತು ಪಾಪ? ಅದೂ ದಾನಕ್ಕೆ ಬಂದಿದ್ದಾ?"

"ನಾನು ಕಳ್ಳತನ ಮಾಡ್ತೀನಿ," ಎಂದಳು ಸಿಸ್ಟರ್.

ಆತ ಪತ್ರಿಕೆ ಮಡಚಿದ. ಪೂರ್ತಿ ಕೇಳಿದ. ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ವಾಚ್‌ಮ್ಯಾನಿಗೆ ಏನಂತ ಆರ್ಡರು?"

"ಕುರ್ಚಿ ಹೊರಗೆ ಬಿಡಬಾರದು ಅಂತ."

"ಕುರ್ಚಿ ಮೇಲೆ ಪೇಷಂಟ್ ಕೂತಿದ್ರೆ?"

"ಯಾವ ಪೇಷಂಟು?"

"ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಲ್ಲ. ಪೇಷಂಟ್ ಥರ ಕಾಣಲ್ವಾ ನಾನು?"

ಮರುದಿನ ಮಧ್ಯಾಹ್ನ ಆತ ಬುತ್ತಿ ಹಿಡಿದು, ವಾಚ್‌ಮ್ಯಾನಿಗೆ ಸಲಾಮು ಹೊಡೆದು, ತನ್ನ ಎರಡು ಗಟ್ಟಿ ಕಾಲುಗಳ ಮೇಲೆ ಗೋದಾಮಿನೊಳಗೆ ಹೋದ.  ಪಂಚರ್ ವಿಷಯ ಕೇಳಿ, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಅಜ್ಜಿಯ ಕುರ್ಚಿಯ ಪ್ಲಾಸ್ಟಿಕ್ಕನ್ನು ಸರಕ್ಕೆಂದು ಸೀಳಿದ. ಗಾಲಿಗೆ ಎಣ್ಣೆ ಬಿಟ್ಟ. ಕಂಡಕ್ಟರ್ ಕೂತ. ಸಿಸ್ಟರ್ ಅವನ ಸೊಂಟದಿಂದ ಕೆಳಗೆ ಹಳೇ ಬೆಡ್‌ಶೀಟು ಹೊದಿಸಿದಳು. ತಲೆ ಸ್ವಲ್ಪ ವಾಲಿಸಿಕೋ ಎಂದಳು. ಈ ವೇಷಕ್ಕೆ ಕಣ್ಣಿದ್ದವರು ಯಾರೂ ಮರುಳಾಗುವುದಿಲ್ಲ ಎಂದೇ ಆಕೆಗೆ ಅನಿಸುತ್ತಿತ್ತು.

ಗೇಟಿನಲ್ಲಿ ವಾಚ್‌ಮ್ಯಾನ್ ಎದ್ದು ನಿಂತ. ಈಗಷ್ಟೇ ಸಲಾಮು ಹೊಡೆದ ಮನುಷ್ಯ ಅವನ ಮೂಗಿನ ಕೆಳಗೇ ಕೂತಿದ್ದ.

"ಪಾಪ, ನಿಧಾನಕ್ಕೆ ಕರ್ಕೊಂಡು ಹೋಗಿ ಸಿಸ್ಟರ್," ಎಂದು ವಾಚ್‌ಮ್ಯಾನ್ ಗೇಟು ಪೂರ್ತಿ ತೆಗೆದ.

ತಿರುವು ದಾಟಿದ ಮೇಲೆ ಗಂಡ ನಗುತ್ತಾನೆ ಎಂದುಕೊಂಡಿದ್ದಳು. ನಗಲಿಲ್ಲ. "ಅವನು ನನ್ನ ಮುಖಾನೇ ನೋಡ್ಲಿಲ್ಲ ಕಣೇ," ಎಂದ.

ಪೇಟೆ ಬೀದಿಯಲ್ಲಿ ಇನ್ನೂ ಚೆನ್ನಾಗಾಯಿತು. ಔಷಧಿ ಅಂಗಡಿಯವನು ಅವನ ತಲೆಯ ಮೇಲಿಂದ ಸಿಸ್ಟರನ್ನು ಕೇಳಿದ, "ಊಟಗೀಟ ಮಾಡ್ತಾರಾ ಇವರು?" ಎಂದು. ದಾರಿಯಲ್ಲಿ ಹೋಗುವ ಹೆಂಗಸೊಬ್ಬಳು ಅಯ್ಯೋ ದೇವರೇ ಎಂದು ಲೊಚಗುಟ್ಟಿದಳು. ಅಂಗಡಿಯ ಮುಂದೆ ಅಡ್ಡವಿದ್ದಾನೆಂದು ಒಬ್ಬ ಕೇಳದೆ ಹೇಳದೆ ಕುರ್ಚಿಯ ಹಿಡಿ ಹಿಡಿದು ಪಕ್ಕಕ್ಕೆ ದೂಡಿದ. ಜೀವಮಾನವಿಡೀ ಬಸ್ಸಿನಲ್ಲಿ ಒಂದೇ ಕೂಗಿಗೆ ಜನರನ್ನು ಸರಿಸಿದ ಕಂಡಕ್ಟರನ ಕಿವಿ ಕೆಂಪಾಯಿತು.

"ಊಟ ಮಾಡ್ತೀನೋ ಇಲ್ವೋ ನನ್ನ ಕೇಳ್ಬೇಕು! ನನಗೆ ಬಾಯಿಲ್ವಾ? ಕಾಲಿಲ್ದಿದ್ರೆ ಬಾಯೂ ಇರಲ್ಲ ಅಂತ ಯಾರು ಹೇಳಿದ್ದು ಇವರಿಗೆ?"

"ಮೆಲ್ಲಗೆ! ಪೇಷಂಟು ನೀವು."

ಅಷ್ಟರಲ್ಲಿ ಎದುರಿಗೆ ಟೈಲ್ಸ್ ಅಂಗಡಿಯಿಂದ ಅಧ್ಯಕ್ಷರೇ ಇಳಿದು ಬರಬೇಕೆ!  ಆ ಅಧ್ಯಕ್ಷರು ಹೋದ ವಾರವಷ್ಟೇ ಸಿಸ್ಟರ್ ಮನೆಯ ಜಗಲಿಯಲ್ಲಿ ಕೂತು, ಕಂಡಕ್ಟರನ ಹೆಗಲ ಮೇಲೆ ಕೈಹಾಕಿ, ಟೀ ಕುಡಿದು ಹೋಗಿದ್ದರು.

"ಏನು ಸಿಸ್ಟರ್, ಬಿಸಿಲಲ್ಲಿ?" ಅಧ್ಯಕ್ಷರ ಕಣ್ಣು ಸಿಸ್ಟರ್ ಮುಖದಿಂದ ಕೆಳಗಿಳಿದು, ಬೆಡ್‌ಶೀಟಿನ ಮೇಲೆ ಒಂದು ಗಳಿಗೆ ನಿಂತು, ಬೇಗ ಮೇಲಕ್ಕೆ ಹೋಯಿತು. "ಪಾಪ. ನಿಮ್ಮ ಸೇವೆ ದೊಡ್ಡದು. ಮುಂದಿನ ತಿಂಗಳು ಇವರನ್ನೂ ಕರ್ಕೊಂಡು ಬನ್ನಿ ಸಮಾರಂಭಕ್ಕೆ." ಎಂದವರೇ ಕಾರು ಹತ್ತಿದರು.

 ಸಾಲುಮನೆಯ ಹತ್ತಿರ ಬಂದಾಗ ಗಂಡ ಹೇಳಿದ, "ಹೆಗಲ ಮೇಲೆ ಕೈ ಹಾಕಿದ್ದ ಕಣೇ ಅವನು. ಇದೇ ಹೆಗಲ ಮೇಲೆ." ಆಮೇಲೆ ಬೆಡ್‌ಶೀಟು ಕಿತ್ತೆಸೆದು ಎದ್ದು, ಉಳಿದ ದಾರಿಯಲ್ಲಿ ಕುರ್ಚಿಯನ್ನು ತಾನೇ ತಳ್ಳಿದ.

ಡ್ರೈವರ್ ಕುರ್ಚಿಗೆ ಮಂಚದಿಂದ ತಾನೇ ಜರುಗಿದ. ಕೈಗಳಲ್ಲಿ ಅಷ್ಟು ಶಕ್ತಿಯಿತ್ತು, ಬೇಕಾಗಿದ್ದುದು ಜರುಗಲು ಒಂದು ಜಾಗ, ಅಷ್ಟೇ. ಗಾಲಿ ಹಿಡಿದ. ಓಣಿಯಲ್ಲಿ ಒಂದು ಸಲ ಗೋಡೆಗೆ ತಾಗಿತು. ಹಿಂದಕ್ಕೆ ತೆಗೆದುಕೊಂಡು ಲಾರಿಗೆ ರಿವರ್ಸ್ ಕೊಡುವವನ ಹಾಗೆ ಭುಜದ ಮೇಲಿಂದ ನೋಡಿ ನೇರ ಮಾಡಿದ. ಬಚ್ಚಲಿನ ಬಾಗಿಲಲ್ಲಿ ಎರಡು ಕಡೆಗೂ ಒಂದೊಂದು ಬೆರಳು ಉಳಿಯಿತು. ಒಳಗೆ ಹೋದ. ಬಾಗಿಲು ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಭಾನುವಾರ ವ್ಯಾನು ಬಂದಾಗ ಬಾಗಿಲು ತೆಗೆದವನು ಡ್ರೈವರೇ. "ಬಾರಯ್ಯ ಬಾಮೈದ, ಒಳಗೆ ಬಾ. ನಿಂತೇ ಇದ್ದೀಯಲ್ಲ, ಕೂತ್ಕೋ," ಎಂದನಂತೆ. ಬಾಮೈದ ಕೂತ, ಊಟ ಮಾಡಿದ, ಖಾಲಿ ವ್ಯಾನು ತಗೊಂಡು ವಾಪಸು ಹೋದ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ ಕಾಣುವುದನ್ನು ಅಧ್ಯಕ್ಷರು ಕಂಡೇಬಿಟ್ಟರು. ವಾಚ್‌ಮ್ಯಾನಿಗೆ ಬೈಗುಳ ಶುರುವಾಯಿತು. ಬಡವನ ಹೊಟ್ಟೆಯ ಮೇಲೆ ಕಲ್ಲು ಬೀಳುವುದು ಬೇಡವೆಂದು ಸಿಸ್ಟರ್ ತಾನೇ ಹೋಗಿ ಎದುರು ನಿಂತಳು.

"ನಾನೇ ತಗೊಂಡೋದೆ. ಪೇಟೆ ಬೀದೀಲಿ, ಹಾಡಹಗಲಲ್ಲಿ. ನಿಮ್ಮ ಮುಂದೇನೇ ತಳ್ಕೊಂಡು ಹೋದೆ. ನೀವೇ ನೋಡ್ಲಿಲ್ಲ."

ಅಧ್ಯಕ್ಷರ ಮಾತಿನ ಬೆಣ್ಣೆ ಆ ದಿನ ಕರಗಿತು. ಕುರ್ಚಿ ಸಂಘದ್ದು, ಸಿಸ್ಟರಮ್ಮನ ಮನೆಯದಲ್ಲ. ಡ್ರೈವರ್ ಸಮಾರಂಭಕ್ಕೆ ಕುರ್ಚಿ ಸಮೇತ ಬರಬೇಕು, ಅದನ್ನು ಉಳಿದವುಗಳ ಜೊತೆ ವೇದಿಕೆಯಲ್ಲಿಡಬೇಕು, ಎಲ್ಲರಂತೆ ಮಂತ್ರಿಗಳ ಕೈಯಿಂದ ತಗೊಳ್ಳಬೇಕು. ಇಲ್ಲವೆಂದರೆ ನಾಳೆಯೇ ಜನ ಕಳಿಸಿ ಕುರ್ಚಿ ತರಿಸುತ್ತೇವೆ, ಸಣ್ಣ ಮೈಯ ಬೇರೆ ಯಾರಿಗಾದರೂ ಕೊಡುತ್ತೇವೆ. ಮತ್ತೆ ಸಿಸ್ಟರ್ ಸಮಾರಂಭದ ತಯಾರಿಯ ಕಡೆ ತಲೆಹಾಕುವುದು ಬೇಡ.

ಡ್ರೈವರ್‌ಗೆ ಇದನ್ನು ಹೇಳುವಾಗ ಸಿಸ್ಟರ್‌ಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನು ಮಾತ್ರ ಗಹಗಹಿಸಿ ನಕ್ಕ. "ಒಂದೇ ಕುರ್ಚಿ ಎರಡು ಸಲ ಕೊಡ್ತಾರಾ? ಆಗ್ಲಿ, ಬರ್ತೀನಿ."

ಸಮಾರಂಭದ ದಿನ ಬಂತು. ಸಭಾಂಗಣದ ಹೊರಬಾಗಿಲಿಗೆ ಒಂದು ಮೆಟ್ಟಿಲಿತ್ತು. ಪಂಚರ್ ಬೆಳಿಗ್ಗೆಯೇ ಹಲಗೆಯೊಂದನ್ನು ತಂದು ಇಟ್ಟಿದ್ದ. ಅದರ ಮೇಲೆ ಡ್ರೈವರ್ ಸಲೀಸಾಗಿ ಹತ್ತಿ ಒಳಗೆ ಬಂದ. ಅವನು ಬಂದದ್ದೇ ತಡ, ಯಾರೋ ಆ ಹಲಗೆಯನ್ನು ಎತ್ತಿ ಹಿತ್ತಲಿಗೆ ಎಸೆದರು, ಮಂತ್ರಿಗಳಿಗೆಂದು ಹಾಸುವ ಕೆಂಪು ಚಾಪೆಯ ಪಕ್ಕದಲ್ಲಿ ಅದು ಅಸಹ್ಯವಾಗಿ ಕಾಣುತ್ತದೆಂದು.

ಒಳಗೆ ಕಾಲಿಟ್ಟ ಸಿಸ್ಟರ್‌ಗೆ ಒಂದು ಕ್ಷಣ ಏನು ನೋಡುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ಎತ್ತರದ ವೇದಿಕೆ. ವೇದಿಕೆಗೆ ಕಡಿದಾದ ಮೆಟ್ಟಿಲು. ಮೇಲೆ ದೀಪದ ಬೆಳಕಿನಲ್ಲಿ ಗಾಲಿಕುರ್ಚಿಗಳು ಸಾಲಾಗಿ, ಪ್ಲಾಸ್ಟಿಕ್ ಹೊದ್ದು, ಮದುವಣಗಿತ್ತಿಯರ ಹಾಗೆ ಮಿಂಚುತ್ತಿದ್ದವು. ಕೆಳಗೆ, ಮೊದಲ ಸಾಲಿನಲ್ಲಿ, ಮಡಚುವ ಕುರ್ಚಿಗಳ ಮೇಲೆ ಸೈನಿಕರು. ಮನೆಯವರು ಹೊತ್ತು ತಂದು ಕೂರಿಸಿ ಹೋಗಿದ್ದರು. ಕೆಲವರು ಜಾರದಂತೆ ಪಕ್ಕದವರ ತೋಳು ಹಿಡಿದುಕೊಂಡಿದ್ದರು. ಕುರ್ಚಿಗಳು ಮೇಲೆ, ಕಾಲಿಲ್ಲದವರು ಕೆಳಗೆ. ತಿಂಗಳುಗಟ್ಟಲೆ ಮೀಟಿಂಗ್ ಮಾಡಿದ್ದಾರೆ, ಹೂವಿನ ಬಣ್ಣಕ್ಕೆ ಚರ್ಚೆ ಮಾಡಿದ್ದಾರೆ, ಇಷ್ಟು ಜನರಲ್ಲಿ ಒಬ್ಬರ ತಲೆಗೂ ಇದು ಹೊಳೆಯಲಿಲ್ಲವೆ?

ಹೊಳೆದಿತ್ತು. ಅದೇ ಇನ್ನೂ ಅನ್ಯಾಯ. ಅಧ್ಯಕ್ಷರು ಅದಕ್ಕೂ ವ್ಯವಸ್ಥೆ ಮಾಡಿದ್ದರು. ಜಿಮ್ಮಿನಿಂದ ಕರೆಸಿದ ನಾಲ್ಕು ಗಟ್ಟಿ ಆಳುಗಳು ಹಳದಿ ಅಂಗಿ ಹಾಕಿ ನಿಂತಿದ್ದರು, ಅಂಗಿಯ ಬೆನ್ನ ಮೇಲೆ 'ಎತ್ತುವ ತಂಡ' ಎಂದು ಅಚ್ಚು ಹಾಕಿಸಿತ್ತು.

ಮಂತ್ರಿಗಳು ಬಂದರು, ದೀಪ ಹಚ್ಚಿದರು, ಸೈನಿಕರ ತ್ಯಾಗದ ಬಗ್ಗೆ ಮಾತಾಡಿದರು. ಎತ್ತುವ ತಂಡದ ಮುಂದಾಳು, ಕತ್ತೇ ಇಲ್ಲದಂಥ ಪೈಲ್ವಾನನೊಬ್ಬ, ಡ್ರೈವರ್ ಹತ್ತಿರ ಬಂದ. ಪಕ್ಕದಲ್ಲಿ ಅಧ್ಯಕ್ಷರು.

"ಸ್ವಲ್ಪ ಈ ಕುರ್ಚಿ ಬಿಟ್ಕೊಡಿ. ಇದಕ್ಕೆ ಪ್ಲಾಸ್ಟಿಕ್ ಸುತ್ತಿ ಮೇಲಿಡ್ತೀವಿ. ಆಮೇಲೆ ನಿಮ್ಮನ್ನ ಎತ್ಕೊಂಡು ಹೋಗಿ ಅದರ ಮೇಲೇ ಕೂರಿಸ್ತಾರೆ. ಎರಡೇ ನಿಮಿಷ," ಎಂದರು ಅಧ್ಯಕ್ಷರು. ಹೇಳಿದ್ದು ಡ್ರೈವರ್‌ಗಲ್ಲ, ಹಿಂದೆ ನಿಂತಿದ್ದ ಅವನ ಹೆಂಡತಿಗೆ.

ಪೈಲ್ವಾನ ಬಗ್ಗಿ ಡ್ರೈವರನ ಕಂಕುಳಿಗೆ ಕೈ ಹಾಕಿದ.

ಡ್ರೈವರ್ ಎರಡೂ ಬ್ರೇಕು ಎಳೆದ. ಪೈಲ್ವಾನನ ಕೈ ಹಿಡಿದು ಪಕ್ಕಕ್ಕಿಟ್ಟ.

"ನನ್ನ ಮೈ ಮುಟ್ಟಬೇಡ."

"ಅಣ್ಣ, ಮೇಲೆ ಮಂತ್ರಿಗಳು ಕಾಯ್ತಾ..."

"ಕೊಡೋರಿಗೆ ಕಾಲಿದೆಯಲ್ಲ," ಎಂದ ಡ್ರೈವರ್. ಅವನಿಗೆ ಮೈಕು ಬೇಕಿರಲಿಲ್ಲ, ಹಿಂದಿನ ಸಾಲಿಗೂ ಕೇಳಿಸಿತು. "ಇಳಿದು ಬರ್ಲಿ."

 ಮಂತ್ರಿಗಳು ನಗುನಗುತ್ತಲೇ ಮೆಟ್ಟಿಲಿನ ಅಂಚಿಗೆ ಬಂದರು. ಪಾಪ ಸಂಕೋಚ ಎಂದುಕೊಂಡರೋ ಏನೋ, ಮೇಲಿನಿಂದಲೇ ಕೈ ಚಾಚಿ, "ಬನ್ನಿ ಬನ್ನಿ, ನಾಚಿಕೆ ಬೇಡ" ಎಂದರು. ಡ್ರೈವರ್ ಆ ಕೈಯನ್ನೇ ನೋಡುತ್ತ ಕೂತ. ಅವನ ಪಕ್ಕದಲ್ಲಿದ್ದ ಮುದಿ ಸೈನಿಕನೊಬ್ಬ, ಆವರೆಗೆ ಎತ್ತುವ ತಂಡಕ್ಕಾಗಿ ತೋಳು ಚಾಚಿಕೊಂಡಿದ್ದವನು, ತೋಳು ಮಡಚಿ ಮಡಿಲಲ್ಲಿಟ್ಟುಕೊಂಡ. ಅವನ ಆಚೆಯವನೂ. ಚಾಚಿದ ಕೈ ಅಲ್ಲೇ ಸ್ವಲ್ಪ ಹೊತ್ತು ನೇತಾಡಿತು. ಸಹಾಯಕನೊಬ್ಬ ಮಂತ್ರಿಗಳ ಕಿವಿಯಲ್ಲಿ ಏನೋ ಉಸುರಿದ. ಇನ್ನೊಂದು ಕಾರ್ಯಕ್ರಮವಿತ್ತಂತೆ. ನಾಲ್ಕಾರು ಮೆಟ್ಟಿಲು ಇಳಿದಿದ್ದರೆ ಮುಗಿಯುತ್ತಿತ್ತು, ಆದರೆ ಅವರು ಹಿಂದಿನ ಬಾಗಿಲಿನಿಂದ ಇಳಿದು ಹೋದರು.

ಸಿಸ್ಟರ್‌ಗೆ ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಕೂಗಾಡಬೇಕೆಂದುಕೊಂಡಳು. ಕೂಗಾಡಿದರೆ ಹೊತ್ತು ಹಾಳು ಎನಿಸಿತು. ಸೀದಾ ಮೆಟ್ಟಿಲು ಹತ್ತಿ, ಮೊದಲ ಕುರ್ಚಿಯ ಪ್ಲಾಸ್ಟಿಕ್ಕಿಗೆ ಉಗುರು ಹಾಕಿ ಹರಿದಳು. ಗಂಡ ಬಂದ, ಪಂಚರ್ ಬಂದ. ವೇದಿಕೆಯ ತುಂಬ ಪರಪರ ಸದ್ದು.

"ದಯವಿಟ್ಟು ಎಲ್ರೂ ಶಾಂತವಾಗಿ..." ಅಧ್ಯಕ್ಷರು ಮೈಕು ಹಿಡಿದಿದ್ದರು. "ಸಿಸ್ಟರ್, ಮುಂದಿನ ವರ್ಷ ಯಾರು ಕೊಡ್ತಾರೆ? ಸ್ವಲ್ಪ ಯೋಚ್ನೆ ಮಾಡಿ!"

"ನೀವು ಆ ಕಡೆ ಹಿಡ್ಕೊಳ್ಳಿ ಸರ್. ಇದು ಭಾರ ಇದೆ," ಎಂದಳು ಸಿಸ್ಟರ್.

ಅಧ್ಯಕ್ಷರು ಹಿಡಿದುಕೊಳ್ಳಲಿಲ್ಲ. ಹಿಡಿದುಕೊಂಡದ್ದು ಹಳದಿ ಅಂಗಿಯ ಪೈಲ್ವಾನ. ಉಳಿದ ಮೂವರೂ ಅವನ ಹಿಂದೆ ಮೆಟ್ಟಿಲು ಹತ್ತಿದರು. ಎತ್ತುವ ತಂಡಕ್ಕೆ ಕೊನೆಗೂ ಎತ್ತಬೇಕಾದದ್ದು ಸಿಕ್ಕಿತು. ಕುರ್ಚಿಗಳು ಒಂದೊಂದಾಗಿ ಕೆಳಗೆ ಬಂದವು. ಡ್ರೈವರ್ ಪಕ್ಕದ ಮುದುಕನಿಗೆ ಬಗ್ಗಿ ತೋರಿಸುತ್ತಿದ್ದ, "ಇದು ಬ್ರೇಕು. ಹೀಗೆ ಎಳೀರಿ. ಎಳೆದ ಮೇಲೆ ಯಾರಪ್ಪ ಬಂದ್ರೂ ಅಲ್ಲಾಡಲ್ಲ." ಮುದುಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿಕೊಂಡ.

ಡ್ರೈವರ್ ಹೊರಬಾಗಿಲಿಗೆ ಬಂದಾಗ ಹಲಗೆ ಇರಲಿಲ್ಲ. ಕೆಂಪು ಚಾಪೆ ಅನಾಥವಾಗಿ ಬಿದ್ದಿತ್ತು, ಅದರ ತಲೆಯ ಕಡೆ ಆ ಒಂದು ಮೆಟ್ಟಿಲು. ಡ್ರೈವರ್ ಅಂಚಿನಲ್ಲೇ ಎರಡೂ ಬ್ರೇಕು ಎಳೆದು ನಿಲ್ಲಿಸಿದ. ಪಂಚರ್ ಹಲಗೆ ಹುಡುಕಲು ಹಿತ್ತಲಿಗೆ ಓಡಿದ. ಡ್ರೈವರನ ಹೆಂಡತಿ ಅಭ್ಯಾಸದಂತೆ ಮುಂದೆ ಬಂದಳು, ಸಿಸ್ಟರ್ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಬೆವರಿನಿಂದ ಹಳದಿ ಅಂಗಿ ಮೈಗಂಟಿದ್ದ ಪೈಲ್ವಾನ ಅಲ್ಲೇ ಇದ್ದ. ಅವನ ಕೈ ತಾನಾಗಿ ಕುರ್ಚಿಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಆ ದೊಡ್ಡ ದೇಹ ಹೊತ್ತುಕೊಂಡು ಅವನು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಡ್ರೈವರನ ಮುಖಕ್ಕೆ ಸರಿಸಮವಾಗಿ ತನ್ನ ಮುಖ ತಂದ.

"ಅಣ್ಣಾ, ಎತ್ಲಾ?"

ಡ್ರೈವರ್ ಬಹಳ ಹೊತ್ತು ಅವನನ್ನು ನೋಡಿದ.  ಆಮೇಲೆ ಅವನು ಕೈ ಕೆಳಗಿಳಿಸಿ ಒಂದು ಬ್ರೇಕು ಬಿಡಿಸಿದ, ಇನ್ನೊಂದನ್ನೂ ಬಿಡಿಸಿದ.

"ಕೇಳಿದ್ಯಲ್ಲ," ಎಂದ. "ಎತ್ತು."